ಆರ್ಡರಿಗೆ ಬರೆದ ಮುಖಗಳು

ಆರ್ಡರಿಗೆ ಚಿತ್ರ ಬರೆಯುವವನು ಕಲಾವಿದನಲ್ಲ ಎಂಬ ಮಾತನ್ನು ಕೇಳುತ್ತಲೇ ನನಗೆ ವಯಸ್ಸಾಯಿತು. ಪ್ರದರ್ಶನಗಳ ಉದ್ಘಾಟನಾ ಭಾಷಣಗಳಲ್ಲಿ ಕೇಳಿದ್ದೇನೆ. ಶಿಬಿರಗಳಲ್ಲಿ ಕೇಳಿದ್ದೇನೆ. ನನ್ನ ಕೈಕೆಳಗೆ ಗೆರೆ ಎಳೆಯಲು ಕಲಿತು ಈಗ ಬೆಂಗಳೂರಿನ ಗ್ಯಾಲರಿಗಳಲ್ಲಿ ಹೆಸರು ಮಾಡಿರುವ ಹುಡುಗರ ಬಾಯಿಂದಲೂ ಕೇಳಿದ್ದೇನೆ. ನಾನು ಹುಬ್ಬಳ್ಳಿಯಲ್ಲಿ ಶಾಲೆಯ ಡ್ರಾಯಿಂಗ್ ಮಾಸ್ತರನಾಗಿದ್ದವನು. ಸಂಬಳ ಸಾಲದಿದ್ದಾಗ ಮನೆ ನಡೆಸಿದ್ದು ಭಾವಚಿತ್ರಗಳು: ಸಹಕಾರಿ ಸಂಘದ ಸಂಸ್ಥಾಪಕರು, ಮಠದ ಹಿಂದಿನ ಸ್ವಾಮಿಗಳು, ನಿವೃತ್ತಿಯಾಗುವ ಪ್ರಿನ್ಸಿಪಾಲರು, ತೀರಿಕೊಂಡ ತಾಯಂದಿರು. ಹೀಗಾಗಿ ಈ ವಿಷಯದಲ್ಲಿ ನನ್ನದು ನಿಷ್ಪಕ್ಷಪಾತ ಅಭಿಪ್ರಾಯವೆಂದು ಯಾರೂ ತಿಳಿಯಬೇಕಾಗಿಲ್ಲ. ನನ್ನ ಪರವಾಗಿ ಒಬ್ಬ ಸಾಕ್ಷಿಯನ್ನು ಕರೆಯುತ್ತೇನೆ. ಹೆಸರು ಫ್ರಾಂಕ್ ಹೊಲ್, ಊರು ಲಂಡನ್, ಕಾಲ ವಿಕ್ಟೋರಿಯಾ ರಾಣಿಯದು.

ಕಲೆಯ ಇತಿಹಾಸದ ದಪ್ಪ ಪುಸ್ತಕಗಳಲ್ಲೂ ಇವನಿಗೆ ಒಂದೆರಡು ಸಾಲಿಗಿಂತ ಹೆಚ್ಚು ಜಾಗ ಸಿಗುವುದು ಅಪರೂಪ. ಸಿಕ್ಕಲ್ಲಿ ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ಬಡವರ ದುಃಖವನ್ನು ಬರೆದ ಒಳ್ಳೆಯ ಕಲಾವಿದ, ಮುಂದೆ ದೊಡ್ಡ ಮನುಷ್ಯರ ಭಾವಚಿತ್ರಕ್ಕೆ ಕೈ ಹಾಕಿ ಹಣ ಕಂಡ, ಕಲೆ ಕಳೆದುಕೊಂಡ, ದುಡಿದು ದುಡಿದು ನಲವತ್ತಮೂರಕ್ಕೇ ಸತ್ತ. ಇದರಲ್ಲಿ ಸಾವಿನ ವಯಸ್ಸು ಸರಿ, ದುಡಿಮೆಯೂ ಸರಿ. ಕಲೆ ಕಳೆದುಕೊಂಡ ಎಂಬುದರ ಮೇಲೆ ನನ್ನ ತಕರಾರು.

1845ರಲ್ಲಿ ಉತ್ತರ ಲಂಡನ್ನಿನ ಕೆಂಟಿಶ್ ಟೌನ್‌ನಲ್ಲಿ ಹುಟ್ಟಿದ ಹೊಲ್‌ನದು ಎನ್‌ಗ್ರೇವಿಂಗ್ ಮಾಡುವ ಮನೆತನ. ತಂದೆ ಫ್ರಾನ್ಸಿಸ್ ಹೊಲ್, ಅಜ್ಜ ವಿಲಿಯಂ ಹೊಲ್ ಇಬ್ಬರೂ ಅದೇ ಕಸುಬಿನವರು. ಬೇರೆಯವರು ಬರೆದ ಚಿತ್ರವನ್ನು ಲೋಹದ ತಗಡಿನ ಮೇಲೆ ಗೆರೆ ಗೆರೆಯಾಗಿ ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಅಚ್ಚು ತೆಗೆಯುವ ಕೆಲಸ ಅದು. ಫೋಟೊ ಅಚ್ಚು ಹಾಕುವ ತಂತ್ರ ಇನ್ನೂ ಬಾರದ ಆ ದಿನಗಳಲ್ಲಿ ಒಬ್ಬ ಮಂತ್ರಿಯ ಮುಖ ಹಳ್ಳಿಯ ಗೋಡೆಯವರೆಗೆ ತಲುಪುತ್ತಿದ್ದದ್ದು ಇವರ ಕೈಯಿಂದ. ಅಂದರೆ ಹುಡುಗ ಬೆಳೆದದ್ದೇ ಕೂಲಿಗೆ ಮುಖ ಕೊರೆಯುವವರ ನಡುವೆ. ಆ ಮನೆಯಲ್ಲಿ ಆರ್ಡರ್ ಎನ್ನುವುದು ಅವಮಾನದ ಸಂಗತಿಯಾಗಿರಲಿಲ್ಲ, ಊಟದ ಸಂಗತಿಯಾಗಿತ್ತು.

ಹದಿಹರೆಯದಲ್ಲೇ ರಾಯಲ್ ಅಕಾಡೆಮಿಯ ಶಾಲೆ ಸೇರಿದ. 1863ರಲ್ಲಿ ಚಿನ್ನದ ಪದಕ ಪಡೆದ. 1868ರಲ್ಲಿ ಅವನು ಬರೆದ ಚಿತ್ರವೊಂದು ಈಗ ಲಂಡನ್ನಿನ ಗಿಲ್ಡ್‌ಹಾಲ್ ಆರ್ಟ್ ಗ್ಯಾಲರಿಯಲ್ಲಿದೆ. ಮನೆಯಲ್ಲೊಂದು ಸಾವಾಗಿದೆ, ಉಳಿದವರು ಮೊದಲ ಬಾರಿ ಊಟದ ಮೇಜಿನ ಸುತ್ತ ಸೇರಿದ್ದಾರೆ, ಪಾದ್ರಿಯಾಗಿರುವ ಮಗ ಎದ್ದು ನಿಂತು ಪ್ರಾರ್ಥನೆ ಹೇಳುತ್ತಿದ್ದಾನೆ. ಕೊಟ್ಟವನೂ ದೇವರೇ, ಕಿತ್ತುಕೊಂಡವನೂ ದೇವರೇ ಎಂಬರ್ಥದ ಬೈಬಲ್ಲಿನ ಮಾತೇ ಚಿತ್ರದ ಹೆಸರು. ಇದಕ್ಕೆ ಪ್ರವಾಸದ ವಿದ್ಯಾರ್ಥಿವೇತನ ಬಂತು. ಹೊಲ್ ಇಟಲಿಗೆ ಹೋದ. ಅಲ್ಲಿಯ ಬಿಸಿಲು, ಅಲ್ಲಿಯ ದೇವದೂತರು ತನಗಲ್ಲವೆಂದು ತೋರಿತೋ ಏನೋ, ವಿದ್ಯಾರ್ಥಿವೇತನವನ್ನು ಅರ್ಧಕ್ಕೇ ಬಿಟ್ಟುಕೊಟ್ಟು ಲಂಡನ್ನಿನ ಮಬ್ಬಿಗೆ ಮರಳಿದ. ಸರಕಾರಿ ಖರ್ಚಿನ ಪ್ರವಾಸ ಸಿಕ್ಕರೆ ಕೊನೆಯ ದಿನದವರೆಗೆ ಭತ್ಯೆ ಎಣಿಸುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುವುದಿಲ್ಲ.

ಆ ಊಟದ ಮೇಜಿನ ಚಿತ್ರವನ್ನು ವಿಕ್ಟೋರಿಯಾ ರಾಣಿ ಕೇಳಿದಳು. ಆದರೆ ಅದು ಅಷ್ಟರಲ್ಲಿ ಮಾರಾಟವಾಗಿತ್ತು. ಹಾಗಾದರೆ ನನಗೊಂದು ಬೇರೆ ಬರೆದುಕೊಡು ಎಂದು ಆರ್ಡರು ಬಂತು. ಹೊಲ್ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಕಲ್ಲರ್‌ಕೋಟ್ಸ್ ಎಂಬ ಮೀನುಗಾರರ ಊರಿಗೆ ಹೋಗಿ, ಕಡಲಿಗೆ ಹೋದ ಗಂಡನ ಸುದ್ದಿಯಿಲ್ಲದೆ ಕುಸಿದ ಹೆಂಗಸಿನ ಚಿತ್ರ ಬರೆದ. 1870ರ ಆ ಚಿತ್ರ ಇಂದಿಗೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಬಡವರ ದುಃಖದ ಆ 'ಶುದ್ಧ' ಚಿತ್ರವೂ ಆರ್ಡರಿಗೆ ಬರೆದದ್ದೇ ಎಂಬುದನ್ನು ಓದುಗರು ಇಲ್ಲೇ ಗುರುತು ಹಾಕಿಕೊಳ್ಳಬೇಕು.

ಅದೇ ಹೊತ್ತಿಗೆ ಲಂಡನ್ನಿನಲ್ಲಿ 'ದಿ ಗ್ರಾಫಿಕ್' ಎಂಬ ಸಚಿತ್ರ ವಾರಪತ್ರಿಕೆ ಹುಟ್ಟಿತ್ತು. 1869ರ ಕೊನೆಗೆ ಅದನ್ನು ಶುರು ಮಾಡಿದ ವಿಲಿಯಂ ಲೂಸನ್ ಥಾಮಸ್ ತಾನೇ ಮರದಲ್ಲಿ ಎನ್‌ಗ್ರೇವಿಂಗ್ ಮಾಡುತ್ತಿದ್ದವನು. ಒಳ್ಳೆಯ ಕಲಾವಿದರಿಗೆ ಒಳ್ಳೆಯ ದುಡ್ಡು ಕೊಟ್ಟು ಬೀದಿಯ ಬದುಕನ್ನು ಬರೆಸಿದ. ಹೊಲ್, ಲೂಕ್ ಫಿಲ್ಡ್ಸ್, ಹ್ಯೂಬರ್ಟ್ ಹರ್ಕೊಮರ್ ಮೂವರೂ ಆ ಗರಡಿಯವರು. ಗಟ್ಟಿ ಮರದ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸಿದ ಹಲಗೆಯ ಮೇಲೆ ಚಿತ್ರ ಬರೆದು, ಕೊರೆಯುವವರಿಗೆ ಒಂದೊಂದು ತುಂಡು ಹಂಚಿ, ರಾತ್ರೋರಾತ್ರಿ ಮುಗಿಸಿ ಮತ್ತೆ ಜೋಡಿಸಿ ಅಚ್ಚಿಗೆ ಕಳಿಸುವ ಪದ್ಧತಿ. ಈ ಕಪ್ಪು-ಬಿಳುಪು ಪುಟಗಳನ್ನು ಹಾಲೆಂಡಿನಲ್ಲಿ ಒಬ್ಬ ಬಡ ಯುವಕ ಕೂಡಿಡುತ್ತಿದ್ದ. ಹೇಗ್ ನಗರದಲ್ಲಿ ಊಟಕ್ಕೆ ತತ್ವಾರವಾಗಿದ್ದಾಗಲೂ 'ಗ್ರಾಫಿಕ್'ನ ಹಳೆಯ ಸಂಪುಟಗಳನ್ನು ಕೊಂಡುತಂದ. ಹೊಲ್‌ನ ಚಿತ್ರಗಳನ್ನು ತನ್ನ ಪತ್ರಗಳಲ್ಲಿ ಮೆಚ್ಚಿ ಬರೆದ. ಅವನ ಹೆಸರು ವಿನ್ಸೆಂಟ್ ವಾನ್ ಗೋ. ಹೊಲ್‌ನ ಬಗ್ಗೆ ಇಷ್ಟು ಗೊತ್ತಾದರೆ ಸಾಕು, ಕೇಳುವವರು ತುಸು ನೆಟ್ಟಗೆ ಕೂರುತ್ತಾರೆ. ಅದಕ್ಕೇ ಹೇಳಿದೆ.

1870ರ ದಶಕದುದ್ದಕ್ಕೂ ಹೊಲ್ ಅಳುವವರನ್ನೇ ಬರೆದ. ತೊಟ್ಟಿಲಲ್ಲಿ ಕಾಯಿಲೆಯ ಕೂಸು, ಸದ್ದು ಮಾಡಬೇಡವೆಂದು ಹಿರಿ ಮಗುವಿಗೆ ಸನ್ನೆ ಮಾಡುವ ತಾಯಿ. ಅದಕ್ಕೆ ಜೋಡಿಯಾಗಿ, ಕೂಸು ತೀರಿಕೊಂಡ ಮೇಲಿನ ಅದೇ ಕೋಣೆ. ವಲಸೆ ಹೊರಟ ಗಂಡಸರನ್ನು ರೈಲು ಹತ್ತಿಸಿ ನಿಲ್ದಾಣದಲ್ಲಿ ಉಳಿದ ಹೆಂಗಸರು. ಬೀದಿಯಲ್ಲಿ ಬಿಟ್ಟುಹೋದ ಹಸುಗೂಸು. ಇವುಗಳ ತುದಿಯಲ್ಲಿ ಬಂದದ್ದು 1878ರ 'ನ್ಯೂಗೇಟ್'. ಅವನ ಎಲ್ಲ ಚಿತ್ರಗಳಲ್ಲಿ ಒಂದನ್ನಷ್ಟೇ ಉಳಿಸಿ ಎಂದರೆ ನಾನೂ ಇದನ್ನೇ ಆರಿಸುತ್ತೇನೆ, ಎದುರು ಪಕ್ಷದವರಿಗೆ ಇಷ್ಟು ಬಿಟ್ಟುಕೊಡುತ್ತೇನೆ.

ನ್ಯೂಗೇಟ್ ಲಂಡನ್ನಿನ ಹಳೆಯ ಜೈಲು, 1902ರಲ್ಲಿ ಮುಚ್ಚಿ, ಆಮೇಲೆ ಕೆಡವಿದರು. ವಿಚಾರಣೆಗೆ ಕಾದಿರುವ ಕೈದಿಗಳನ್ನು ಮನೆಯವರು ಬಂದು ನೋಡುವ ಜಾಗ ಅಲ್ಲಿತ್ತು. ಹೊಲ್ ಒಳಗೆ ಹೋಗಿ ಅದನ್ನು ಕಣ್ಣಾರೆ ಕಂಡಿದ್ದ. ಕಂಬಿಗಳ ಈಚೆ ಹೆಂಗಸರು, ಮಕ್ಕಳು. ನಡುವೆ ಒಂದು ಓಣಿ. ಓಣಿಯಾಚೆ ಇನ್ನೊಂದು ಸಾಲು ಕಂಬಿ, ಅದರ ಹಿಂದೆ ಗಂಡಸರು. ಕೈಗೆ ಕೈ ತಾಗದಷ್ಟು ದೂರ. ಗುಟ್ಟು ಹೇಳಬೇಕೆಂದರೂ ಕೂಗಿಯೇ ಹೇಳಬೇಕು. ಹೊಲ್ ನಮ್ಮನ್ನು ಹೆಂಗಸರ ಕಡೆಗೆ ನಿಲ್ಲಿಸಿದ್ದಾನೆ. ಬಣ್ಣವೆಲ್ಲ ಕಂದು, ಬೂದಿ. ಬೆಳಕು ಬೀಳುವುದು ಒಂದೆರಡು ಕೆನ್ನೆಯ ಮೇಲೆ, ಕೂಸನ್ನೆತ್ತಿಕೊಂಡ ತೋಳಿನ ಮೇಲೆ. ಮಗನ ಮನೆಯಲ್ಲಿ ಕೆಲಕಾಲ ಇರಲು ಇಂಗ್ಲೆಂಡಿಗೆ ಹೋಗಿದ್ದಾಗ ಲಂಡನ್ನಿನ ಹೊರವಲಯದ ಎಗಮ್ ಎಂಬ ಊರಿಗೆ ರೈಲಿನಲ್ಲಿ ಹೋಗಿ ಇದನ್ನು ನೋಡಿದೆ. ಅಲ್ಲಿಯ ರಾಯಲ್ ಹಾಲೊವೇ ಕಾಲೇಜಿನ ಚಿತ್ರಶಾಲೆಯಲ್ಲಿದೆ. ಸೊಸೆ ಜೊತೆಗಿದ್ದಳು. ನೋಡಿ ಸುಮ್ಮನಿದ್ದು, "ಮಾವ, ನಮ್ಮ ಕಾರಾಗೃಹದಾಗೂ ಹಿಂಗ ಭೇಟಿ ಮಾಡಸ್ತಾರಲ್ರಿ?" ಎಂದಳು. ಅವಳು ವಕೀಲೆ, ಅವಳಿಗೆ ಗೊತ್ತಿರುತ್ತದೆ.

ಈಗ ನನ್ನ ಪ್ರಶ್ನೆ. ಈ ಕಣ್ಣೀರನ್ನು ಕೊಂಡವರು ಯಾರು? ಮೀನುಗಾರನ ಹೆಂಡತಿಯನ್ನು ಕೊಂಡದ್ದು ರಾಣಿ. ನ್ಯೂಗೇಟಿನ ಹೆಂಗಸರನ್ನು ಕೊಂಡದ್ದು ಥಾಮಸ್ ಹಾಲೊವೇ. ಸಕಲ ರೋಗಕ್ಕೂ ಒಂದೇ ಮದ್ದು ಎಂದು ಜಾಹೀರಾತು ಕೊಟ್ಟು ಗುಳಿಗೆ, ಮುಲಾಮು ಮಾರಿ ಕೋಟ್ಯಧೀಶನಾದವನು. ಆ ಹಣದಲ್ಲಿ ಹೆಣ್ಣುಮಕ್ಕಳಿಗಾಗಿ ಕಾಲೇಜು ಕಟ್ಟಿದ, ಅದು ದೊಡ್ಡ ಕೆಲಸವೇ. ತೊಟ್ಟಿಲಿನ ಜೋಡಿ ಚಿತ್ರಗಳು ಸಕ್ಕರೆ ವ್ಯಾಪಾರಿ ಹೆನ್ರಿ ಟೇಟ್‌ನ ಸಂಗ್ರಹದ ಮೂಲಕ ಅವನ ಹೆಸರಿನ ಗ್ಯಾಲರಿಗೆ ಬಂದವು. ರಾಣಿ, ಗುಳಿಗೆ, ಸಕ್ಕರೆ. ಚಿತ್ರದಲ್ಲಿರುವ ಹೆಂಗಸಿಗೆ ಅದನ್ನು ಕೊಳ್ಳುವುದಿರಲಿ, ಅದು ತೂಗುಬಿದ್ದ ಕೋಣೆಯ ಬಾಗಿಲಲ್ಲಿ ನಿಲ್ಲುವ ಯೋಗ್ಯತೆಯೂ ಇರಲಿಲ್ಲ. ಬಡತನವನ್ನು ಶ್ರೀಮಂತರಿಗೆ ಮಾರಿದರೆ ಕಲೆ, ಶ್ರೀಮಂತನ ಮುಖವನ್ನು ಅವನಿಗೇ ಮಾರಿದರೆ ವ್ಯಾಪಾರ ಎನ್ನುವ ಲೆಕ್ಕ ನನಗೆ ಎಂದೂ ತಿಳಿದಿಲ್ಲ. ಎರಡನೆಯದರಲ್ಲಿ ಕನಿಷ್ಠ ಚಿತ್ರದಲ್ಲಿ ಇರುವವನ ಒಪ್ಪಿಗೆಯಾದರೂ ಇದೆ.

'ನ್ಯೂಗೇಟ್' ತೋರಿದ ವರ್ಷವೇ ಹೊಲ್ ರಾಯಲ್ ಅಕಾಡೆಮಿಯ ಸಹಸದಸ್ಯನಾದ. ಮರುವರ್ಷ, 1879ರಲ್ಲಿ, ಸ್ಯಾಮ್ಯುಯೆಲ್ ಕಸಿನ್ಸ್ ಎಂಬ ಮುದುಕನ ಭಾವಚಿತ್ರವನ್ನು ಅಕಾಡೆಮಿಯ ಬೇಸಿಗೆ ಪ್ರದರ್ಶನದಲ್ಲಿಟ್ಟ. ಅಲ್ಲಿಂದ ಅವನ ದಾರಿ ತಿರುಗಿತು. ಕಸಿನ್ಸ್ ಯಾರು? ದೊರೆಯಲ್ಲ, ಬ್ಯಾಂಕಿನ ಒಡೆಯನಲ್ಲ. ಮೆಝೊಟಿಂಟ್ ಪದ್ಧತಿಯಲ್ಲಿ ತಗಡಿನಿಂದ ಚಿತ್ರ ಎಬ್ಬಿಸುತ್ತಿದ್ದ ಎನ್‌ಗ್ರೇವರ್, 1801ರಲ್ಲಿ ಹುಟ್ಟಿದವನು. ಎನ್‌ಗ್ರೇವರ್‌ಗಳನ್ನು ಎರಡನೇ ದರ್ಜೆಯವರೆಂದು ದೂರವಿಟ್ಟಿದ್ದ ಅಕಾಡೆಮಿ 1855ರಲ್ಲಿ ಮೊದಲ ಬಾರಿ ಪೂರ್ಣ ಸದಸ್ಯತ್ವ ಕೊಟ್ಟದ್ದು ಇವನಿಗೆ. ಹೊಲ್‌ನ ಎದುರು ಕೂತದ್ದು ಹೀಗೆ ಅವನ ಅಪ್ಪನ, ಅಜ್ಜನ ಜಾತಿಯ ಮನುಷ್ಯ: ಜೀವನವಿಡೀ ತಗಡಿನ ಮೇಲೆ ಬಗ್ಗಿ, ಇತರರ ಹೆಸರಿನ ಚಿತ್ರಗಳಿಗೆ ಕಣ್ಣು ಸವೆಸಿದವನು. ಸಮಾಜದ ಗಣ್ಯರನ್ನು ಬರೆಯುವ ಹೊಲ್‌ನ ವೃತ್ತಿ ಶುರುವಾದದ್ದು ಇಂಥ ಒಬ್ಬ ಕಸುಬುದಾರನ ಮುಖದಿಂದ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆ ಮೇಲೆ ಬಾಗಿಲ ಮುಂದೆ ಗಾಡಿಗಳ ಸಾಲು. ಅದಕ್ಕೆ ಕಾರಣವಿತ್ತು. 1860ರ ದಶಕದಲ್ಲಿ ಅಂಗೈಯಗಲದ ಫೋಟೊ ಕಾರ್ಡುಗಳ ಹುಚ್ಚು ಇಂಗ್ಲೆಂಡನ್ನು ಹಿಡಿದು, ದಂತದ ಮೇಲೆ ಪುಟ್ಟ ಭಾವಚಿತ್ರ ಬರೆಯುತ್ತಿದ್ದವರ ಹೊಟ್ಟೆಯ ಮೇಲೆ ಹೊಡೆದಿತ್ತು. ದೊಡ್ಡ ಎಣ್ಣೆಬಣ್ಣದ ಚಿತ್ರಕ್ಕೆ ಮಾತ್ರ ಅದು ತಿರುಗುಮುರುಗಾಗಿ ಲಾಭ ಮಾಡಿತು. ಫೋಟೊ ಗುಮಾಸ್ತನಿಗೂ ಸಿಗುವಂತಾದಾಗ ಮಾಲೀಕನಿಗೆ ಬೇರೆಯದೇ ಬೇಕಾಯಿತು. ಕಾರ್ಖಾನೆ, ರೈಲ್ವೆ, ಬ್ಯಾಂಕು, ನಗರಸಭೆ, ಕಾಲೇಜು ಎಲ್ಲಕ್ಕೂ ಒಂದೊಂದು ಸಭಾಂಗಣ, ಸಭಾಂಗಣಕ್ಕೆ ಗೋಡೆ, ಗೋಡೆಗೆ ಅಧ್ಯಕ್ಷರು. ಸಹೋದ್ಯೋಗಿಗಳು, ಅಭಿಮಾನಿಗಳು ವಂತಿಗೆ ಕೂಡಿಸಿ ಚಿತ್ರ ಬರೆಸಿ ಸಮಾರಂಭದಲ್ಲಿ ಅರ್ಪಿಸುವುದು ಅಲ್ಲಿ ದೊಡ್ಡ ಪದ್ಧತಿಯಾಗಿತ್ತು. ಹುಬ್ಬಳ್ಳಿಯ ವಂತಿಗೆಯ ಚಿತ್ರಗಳನ್ನು ಬರೆದ ನನಗೆ ಇದರ ಒಳಗುಟ್ಟು ಗೊತ್ತು: ಹಣ ಕೊಟ್ಟವರು ನಲವತ್ತು ಜನವಾದರೆ ತಿದ್ದುಪಡಿಗಳೂ ನಲವತ್ತು.

ಹೊಲ್‌ನ ಎದುರು ಕೂತವರ ಪಟ್ಟಿ ಓದಿದರೆ ಆ ಕಾಲದ ಇಂಗ್ಲೆಂಡಿನ ಡೈರೆಕ್ಟರಿ ಓದಿದಂತೆ. ರಾಜಕಾರಣಿಗಳಾದ ಗ್ಲಾಡ್‌ಸ್ಟನ್, ಜಾನ್ ಬ್ರೈಟ್, ಜೋಸೆಫ್ ಚೇಂಬರ್ಲಿನ್, ಯುವರಾಜ ಎಡ್ವರ್ಡ್, ಅಮೆರಿಕದ ಬ್ಯಾಂಕರ್ ಪಿಯರ್‌ಪಾಂಟ್ ಮಾರ್ಗನ್. ಕಾಬೂಲಿನಿಂದ ಕಂದಹಾರಿಗೆ ದಂಡು ನಡೆಸಿ ಹೆಸರಾದ ರಾಬರ್ಟ್ಸ್, ಅದೂ ರಾಣಿಯ ಆರ್ಡರಿಗೆ. 'ಆಲಿಸ್ ಇನ್ ವಂಡರ್‌ಲ್ಯಾಂಡ್'ಗೆ ಚಿತ್ರ ಬರೆದ ಜಾನ್ ಟೆನಿಯೆಲ್. ಹಾಸ್ಯ ಸಂಗೀತ ನಾಟಕಗಳ ಡಬ್ಲ್ಯು.ಎಸ್. ಗಿಲ್ಬರ್ಟ್. ಬಹುತೇಕ ಎಲ್ಲರೂ ಗಂಡಸರು. ರೇಶ್ಮೆ, ಮುತ್ತು, ಬಿಳಿ ಭುಜ ಇವನ ಕೈಗೆ ಒಗ್ಗುವ ವಸ್ತುಗಳಾಗಿರಲಿಲ್ಲ. ಆ ಕೆಲಸಕ್ಕೆ ಬೇರೆ ಜನರಿದ್ದರು. ಹೊಲ್‌ಗೆ ಬೇಕಾದದ್ದು ಸುಕ್ಕು, ರೆಪ್ಪೆಯ ಕೆಳಗಿನ ಚೀಲ, ಬಿಗಿದ ತುಟಿ.

ವಿಧಾನ ನೋಡಿದರೆ ಸರಳ, ಮಾಡಹೋದರೆ ಕೈ ನಡುಗುತ್ತದೆ. ಹಿನ್ನೆಲೆ ಕತ್ತಲು: ಕುರ್ಚಿ ಕಂಡರೆ ಕಂಡೀತು, ಪರದೆ ಪುಸ್ತಕಗಳ ಗೊಡವೆಯಿಲ್ಲ. ಬೆಳಕು ಒಂದೇ ಕಡೆಯಿಂದ, ಮೇಲಿನಿಂದ. ಕೋಟು ಕತ್ತಲಲ್ಲಿ ಕರಗುತ್ತದೆ. ಹಣೆ, ಮೂಗು, ಕೈ ಮುಂದೆ ಬರುತ್ತವೆ. ರೆಂಬ್ರಾಂಟ್‌ನನ್ನು ಇವನು ಎಷ್ಟು ನೋಡಿದ್ದನೆಂದು ಬೇರೆ ಹೇಳಬೇಕಿಲ್ಲ. ಗಿಲ್ಬರ್ಟ್‌ನ 1886ರ ಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯದು. ಇಡೀ ಲಂಡನ್ನನ್ನು ನಗಿಸಿದ ಮನುಷ್ಯ ಕುದುರೆ ಸವಾರಿಯ ಉಡುಪಿನಲ್ಲಿ, ಈಗಷ್ಟೇ ಯಾರನ್ನೋ ಗದರಿಸಿ ಬಂದವನಂತೆ ನೋಡುತ್ತಾನೆ. ಗಿಲ್ಬರ್ಟ್ ಮುಂಗೋಪಿ, ಜಗಳಗಂಟ ಎಂಬುದು ಆ ಕಾಲದ ರಂಗಭೂಮಿಯವರಿಗೆಲ್ಲ ಗೊತ್ತಿದ್ದ ವಿಷಯ. ಹೊಲ್ ಅದನ್ನು ಮುಚ್ಚಲಿಲ್ಲ. ಹಣ ಪಡೆದು ಗಿರಾಕಿಯ ಮುಂಗೋಪವನ್ನು ಅವನಿಗೇ ಬರೆದುಕೊಟ್ಟ, ಗಿರಾಕಿ ತೆಗೆದುಕೊಂಡ.

ಇದು ಎಷ್ಟು ಕಷ್ಟವೆಂದು ನನ್ನ ಅನುಭವದಿಂದ ಹೇಳಬಲ್ಲೆ. ಒಬ್ಬ ದೊಡ್ಡ ವ್ಯಾಪಾರಿಯ ಮಗ ತಂದೆಯ ಚಿತ್ರ ಬರೆಸಲು ಬಂದಿದ್ದ. ಎಲ್ಲ ಮಾತಾಗಿ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಮಾಸ್ತರ, ನಮ್ಮಪ್ಪ ಜೀವಮಾನದಾಗ ನಕ್ಕಿದ್ದು ನಾ ನೋಡಿಲ್ಲ. ಆದ್ರ ಚಿತ್ರದಾಗ ಸ್ವಲ್ಪ ನಗಸ್ರಿ" ಎಂದ. ನಾನು ನಗಿಸಿದೆ. ಆ ಚಿತ್ರ ಅವರ ಅಂಗಡಿಯಲ್ಲಿ ಇನ್ನೂ ಇದೆ. ಅದರಲ್ಲಿರುವವರು ಯಾರೋ ಒಬ್ಬರು ಒಳ್ಳೆಯ ಸ್ವಭಾವದವರು. ಹೊಲ್‌ನ ಗಿರಾಕಿಗಳು ನಗುವುದಿಲ್ಲ. ಅವನ ಕಾಲದ ಕೆಲವರಿಗೆ ಅದು ಅತಿಯೆನಿಸಿತು, ಎಲ್ಲರನ್ನೂ ಒಂದೇ ಕಾರ್ಮೋಡದ ಕೆಳಗೆ ಕೂರಿಸುತ್ತಾನೆಂಬ ದೂರು. ಸುಳ್ಳಲ್ಲ. ಬಿರುದುಬಾವಲಿಯ ನಿಲುವಂಗಿ ತೊಟ್ಟವರ ಅವನ ಕೆಲವು ಚಿತ್ರಗಳು ಸಪ್ಪೆಯಾಗಿವೆ. ಮುಖವನ್ನು ಬಟ್ಟೆಯೇ ನುಂಗಿದೆ. ಬರೆದದ್ದೆಲ್ಲ ಮೇರುಕೃತಿ ಎಂದು ನಾನು ವಾದಿಸುತ್ತಿಲ್ಲ.

ವಾದಿಸುವುದು ಇಷ್ಟು. ದುಃಖದ ಚಿತ್ರದಲ್ಲಿ ಕಲಾವಿದನೇ ಯಜಮಾನ. ಬಾಡಿಗೆಯ ಮಾಡೆಲ್ ತಂದು ಶಾಲು ಹೊದಿಸಿ, ತಲೆ ಇಷ್ಟು ಬಾಗಿಸು, ಕೈ ಹಣೆಗೆ ಇಡು ಎಂದರೆ ಮುಗಿಯಿತು. ನೋಡುವವನ ಕಣ್ಣಲ್ಲಿ ನೀರು ಬಂದೇ ಬರುತ್ತದೆ. ಸತ್ತ ಕೂಸಿನ ಚಿತ್ರಕ್ಕೆ ಅಳದವನು ಯಾರು? ಹೊಲ್ ಅಲ್ಲಿ ಎಷ್ಟೋ ಬಾರಿ ಸುಲಭದ ದಾರಿ ಹಿಡಿದಿದ್ದಾನೆ. ಎದುರಿಗೆ ಗ್ಲಾಡ್‌ಸ್ಟನ್ ಬಂದು ಕೂತಾಗ ಆ ದಾರಿ ಮುಚ್ಚಿತು. ಎಂಬತ್ತರ ಹೊಸ್ತಿಲಲ್ಲಿದ್ದ, ಮೂರು ಬಾರಿ ಪ್ರಧಾನಿಯಾಗಿದ್ದ ಆ ಮನುಷ್ಯನನ್ನು ಬರೆಯಲು ಹೊಲ್ 1887ರಲ್ಲಿ ಹಾವರ್ಡನ್ ಎಂಬ ಊರಿನ ಅವನ ಮನೆಗೇ ಹೋದ. ಅಲ್ಲಿ ಕೂತವನೂ ಇವನನ್ನು ನೋಡುತ್ತಿರುತ್ತಾನೆ, ಅಳೆಯುತ್ತಿರುತ್ತಾನೆ, ಬೇಸರಪಡುತ್ತಾನೆ, ಯಾವುದೋ ಹಳೆಯ ಸೋಲನ್ನು ನೆನೆಯುತ್ತಾನೆ. ಅದೆಲ್ಲ ಹಾದುಹೋಗುವ ಮುಖದಿಂದ ಒಂದನ್ನು ಹಿಡಿಯಬೇಕು, ಗಿರಾಕಿಗೂ ಸುಳ್ಳಾಗಬಾರದು, ತನಗೂ ಆಗಬಾರದು. ಇದನ್ನು ವಿಧೇಯ ಕೂಲಿಯೆಂದು ಕರೆಯುವವರು ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಒಂದು ಬೆಳಗ್ಗೆ ಬ್ರಷ್ ಹಿಡಿದು ನೋಡಲಿ.

ಹಾಗಾದರೆ ಅವನನ್ನು ಕೊಂದದ್ದು ಯಾವುದು? ಎಣಿಕೆ. 1879ರಿಂದ 1888ರವರೆಗಿನ ಸುಮಾರು ಒಂಬತ್ತು ವರ್ಷಗಳಲ್ಲಿ ಹೊಲ್ ಬರೆದ ಭಾವಚಿತ್ರಗಳು 198. ಭಾಗಿಸಿ ನೋಡಿ: ಹದಿನಾರು-ಹದಿನೇಳು ದಿನಕ್ಕೊಂದು ಹೊಸ ಮುಖ, ಭಾನುವಾರ ಹಬ್ಬ ಸೇರಿ. ಚಳಿಗಾಲದಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಕತ್ತಲಾಗುವ, ಕಲ್ಲಿದ್ದಲ ಹೊಗೆಯ ಮಂಜಿನಲ್ಲಿ ಹಗಲೇ ದೀಪ ಹಚ್ಚುವ ಊರಿನಲ್ಲಿ. ಪೂರ್ಣ ಅಳತೆಯ ಚಿತ್ರಗಳೂ ಇದರಲ್ಲಿ ಸೇರಿವೆ. ಅಕಾಡೆಮಿಯ ಸದಸ್ಯ ಬೇಸಿಗೆ ಪ್ರದರ್ಶನಕ್ಕೆ ವರ್ಷಕ್ಕೆ ಕಳಿಸಬಹುದಾದದ್ದು ಎಂಟು. ಇವನು ಬರೆಯುತ್ತಿದ್ದದ್ದು ಇಪ್ಪತ್ತೆರಡು.

ಯಾಕೆ ನಿಲ್ಲಿಸಲಿಲ್ಲ? ಮನೆ ಕಟ್ಟಿದ್ದ. ಹ್ಯಾಂಪ್‌ಸ್ಟೆಡ್‌ನ ಫಿಟ್ಸ್‌ಜಾನ್ಸ್ ಅವೆನ್ಯೂ ಎಂಬ ಹೊಸ ಬೀದಿಯಲ್ಲಿ, ಆ ಕಾಲದ ಅತಿ ಬೇಡಿಕೆಯ ವಾಸ್ತುಶಿಲ್ಪಿ ನಾರ್ಮನ್ ಶಾ ಕೈಯಲ್ಲಿ, 'ತ್ರೀ ಗೇಬಲ್ಸ್' ಎಂಬ ಮನೆ. ಅದು ಸಾಲದೆಂದು ಸರ್ರಿಯ ಹಳ್ಳಿಗಾಡಿನಲ್ಲಿ ಇನ್ನೊಂದು, ಅದಕ್ಕೂ ಶಾ. ಭಾವಚಿತ್ರಕಾರನಿಗೆ ಆಗ ಮನೆಯೇ ಬೋರ್ಡು. ಲಾರ್ಡ್ ಒಬ್ಬ ಗಾಡಿಯಿಂದಿಳಿದು ಹತ್ತುವ ಮೆಟ್ಟಿಲು ಅವನ ಮನೆಯ ಮೆಟ್ಟಿಲಿನಂತಿರಬೇಕು, ಇಲ್ಲವಾದರೆ ಪಕ್ಕದ ಕಲಾವಿದನ ಮನೆಗೆ ಹೋಗುತ್ತಾನೆ. ಮನೆಗಾಗಿ ಆರ್ಡರು, ಆರ್ಡರಿಗಾಗಿ ಮನೆ. ಜೊತೆಗೆ ಇಲ್ಲ ಎನ್ನಲಾಗದ ಸ್ವಭಾವ. ಈ ಕಾಯಿಲೆ ನನಗೆ ಪರಿಚಯವಿದೆ. "ಹದಿನೈದು ಆಗಸ್ಟಿಗೆ ಅನಾವರಣ ಐತ್ರಿ, ಸಾಹೇಬ್ರು ಬರಾವ್ರ ಅದಾರ" ಎಂದು ಜುಲೈ ಕೊನೆಗೆ ಬಂದವರಿಗೂ ಹೂಂ ಅಂದವನು ನಾನು; ಹಸಿ ಬಣ್ಣಕ್ಕೇ ಹಾರ ಹಾಕಿದ್ದನ್ನೂ ನೋಡಿದವನು. ಹೊಲ್‌ನ ಹೃದಯ ಮೊದಲೇ ಗಟ್ಟಿಯಿರಲಿಲ್ಲ. 1888ರ ಜುಲೈ 31ರಂದು 'ತ್ರೀ ಗೇಬಲ್ಸ್'ನಲ್ಲೇ ತೀರಿಕೊಂಡ. ಹೈಗೇಟ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆ ಮನೆ ಈಗಿಲ್ಲ. 1912ರಲ್ಲಿ ಮಗಳು ಆಡಾ ರೆನಾಲ್ಡ್ಸ್ ಅಪ್ಪನ ಜೀವನಚರಿತ್ರೆ ಬರೆದಳು. ನೂರು ವರ್ಷಗಳ ಮೇಲೆ, 2013ರಲ್ಲಿ, ಸರ್ರಿಯ ವಾಟ್ಸ್ ಗ್ಯಾಲರಿ ಅವನ ಚಿತ್ರಗಳ ದೊಡ್ಡ ಪ್ರದರ್ಶನ ಮಾಡಿತು. ಅವೆರಡರ ನಡುವೆ ಅವನನ್ನು ಕೇಳಿದವರು ಕಡಿಮೆ.

'ಗ್ರಾಫಿಕ್' ಗರಡಿಯ ಉಳಿದಿಬ್ಬರೂ ಭಾವಚಿತ್ರಕ್ಕೇ ಇಳಿದವರು. ಫಿಲ್ಡ್ಸ್ ಏಳನೇ ಎಡ್ವರ್ಡ್‌ನ ಪಟ್ಟದ ಚಿತ್ರ ಬರೆದು 1927ರವರೆಗೆ ಬಾಳಿದ. ಹರ್ಕೊಮರ್ ಬುಶಿ ಎಂಬಲ್ಲಿ ಕೋಟೆಯಂಥ ಮನೆ ಕಟ್ಟಿ, ಕಲಾಶಾಲೆ ನಡೆಸಿ, 1914ರವರೆಗೆ ಇದ್ದ. ಮುಂದಿನ ಪೀಳಿಗೆಯ ಜಾನ್ ಸಿಂಗರ್ ಸಾರ್ಜೆಂಟ್‌ಗೆ ಇವರೆಲ್ಲರಿಗಿಂತ ದೊಡ್ಡ ಸಾಲು ಕಾದಿತ್ತು. 1907ರ ಸುಮಾರಿಗೆ, ಐವತ್ತು ದಾಟಿದೊಡನೆ, ಎಣ್ಣೆಬಣ್ಣದ ಆರ್ಡರುಗಳನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟ. ಬಿಡದೆ ಕಾಡುವವರಿಗೆ ಇದ್ದಿಲಿನಲ್ಲಿ ಒಂದು ತಲೆ ಬರೆದು ಕಳಿಸುತ್ತಿದ್ದ. ಅವನೂ ದುಡ್ಡಿಗೇ ಬರೆದವನು, ಸಾಕು ಎನ್ನಲು ಬಲ್ಲವನು. ಭಾವಚಿತ್ರದ ವೃತ್ತಿಯೇ ಕಲಾವಿದನನ್ನು ತಿನ್ನುತ್ತದೆ ಎಂಬುದಕ್ಕೆ ಈ ಮೂವರ ಬದುಕು ಪುರಾವೆ ಕೊಡುವುದಿಲ್ಲ.

ಹೊಲ್ ಹ್ಯಾಂಪ್‌ಸ್ಟೆಡ್‌ನಲ್ಲಿ ದುಡಿಯುತ್ತಿದ್ದ ವರ್ಷಗಳಲ್ಲೇ, 1885ರಲ್ಲಿ, ಅವನಿಗಿಂತ ಮೂರು ವರ್ಷ ಚಿಕ್ಕವನಾದ ರವಿವರ್ಮ ಚಾಮರಾಜ ಒಡೆಯರ ಕರೆಯ ಮೇಲೆ ಮೈಸೂರಿಗೆ ಬಂದು ರಾಜಮನೆತನದವರ ಚಿತ್ರ ಬರೆದ. ಎಣ್ಣೆಬಣ್ಣದಲ್ಲಿ ಮುಖ ಬರೆಸಿ ಗೋಡೆಗೆ ಹಾಕುವ ಈ ಪದ್ಧತಿ ನಮ್ಮ ಅರಮನೆಗಳಿಗೆ, ಅಲ್ಲಿಂದ ಕಚೇರಿಗಳಿಗೆ, ಕೊನೆಗೆ ನನ್ನಂಥವರ ಕೈಗೆ ಬಂದದ್ದು ಆ ದಾರಿಯಲ್ಲಿ. ರವಿವರ್ಮನಿಗೂ ನಾವು ಅದೇ ಮಾತು ಹೇಳಿದೆವು, ಬಿಕರಿಯ ಕಲಾವಿದನೆಂದು. ಈಗ ಅವನ ಚಿತ್ರಗಳ ಬೆಲೆ ಕೇಳಿ ಬಾಯಿ ಮುಚ್ಚಿಕೊಂಡಿದ್ದೇವೆ, ಅದೂ ಸರಿಯಾದ ಕಾರಣವಲ್ಲ.

ನನಗೆ ಚಿಂತೆಯಿರುವುದು ಬೇರೆ ಕಡೆ. ಹೊಲ್‌ನ 198 ಚಿತ್ರಗಳಲ್ಲಿ ಸಪ್ಪೆಯವನ್ನು ತೆಗೆದುಹಾಕಿದರೂ ಉಳಿಯುವವು ಉಳಿದಿರುವುದು ಒಂದೇ ಕಾರಣಕ್ಕೆ: ಆ ಮನುಷ್ಯರು ಬಂದು ಕೂತರು. ಪ್ರಧಾನಿಯಾಗಿದ್ದವನು ಕೂತ, ಸೇನಾಪತಿ ಕೂತ, ಗಂಟೆಗೆ ಇಷ್ಟು ಪೌಂಡು ಎಂದು ಎಣಿಸುವ ಬ್ಯಾಂಕರ್ ಕೂತ. ಇಂದು ನನ್ನ ಬಳಿ ಬರುವ ಆರ್ಡರು ವಾಟ್ಸಾಪಿನಲ್ಲಿ ಬರುತ್ತದೆ. ಆಧಾರ್ ಕಾರ್ಡಿನ ಫೋಟೊ, ಮದುವೆಯ ಗುಂಪು ಫೋಟೊದಿಂದ ಕತ್ತರಿಸಿದ ತಲೆ, ಮುಖ ಬೆಳ್ಳಗೆ ಮಾಡಿದ ಸೆಲ್ಫಿ. ಕೋಟು ಬೇರೆ ಹಾಕಿ, ಕೂದಲು ಕಪ್ಪು ಮಾಡಿ ಎಂಬ ಸಂದೇಶ ಕೆಳಗೆ. ಬದುಕಿರುವವರು, ಇದೇ ಊರಿನವರು, ಹತ್ತು ನಿಮಿಷದ ದಾರಿಯಲ್ಲಿರುವವರು. ಈ ಕೆಲಸವನ್ನು ಇನ್ನು ಸ್ವಲ್ಪ ದಿನಗಳಲ್ಲಿ ಯಂತ್ರವೇ ಮಾಡುತ್ತದೆ, ಮಾಡಲಿ. ಫೋಟೊ ನೋಡಿ ಫೋಟೊ ಬರೆಯುವುದಕ್ಕೆ ನಾನೇ ಆಗಬೇಕೆಂದಿಲ್ಲ.

ಹಾಗಾಗಿ ಕಾಲೇಜಿನ ಆಡಳಿತ ಮಂಡಳಿಯವರಲ್ಲಿ, ಸಂಘ-ಬ್ಯಾಂಕುಗಳ ನಿರ್ದೇಶಕರಲ್ಲಿ, ಅಪ್ಪ-ಅವ್ವನ ಚಿತ್ರ ಬರೆಸಬೇಕೆಂದಿರುವ ಮಕ್ಕಳಲ್ಲಿ ನನ್ನ ಕೇಳಿಕೆ ಇಷ್ಟೇ. ಹಿರಿಯರು ಇರುವಾಗಲೇ ಬರೆಸಿ. ನಿಮ್ಮೂರಿನಲ್ಲಿ ಮುಖ ಬರೆಯುವವರು ಇನ್ನೂ ಒಬ್ಬಿಬ್ಬರಿರುತ್ತಾರೆ, ಡ್ರಾಯಿಂಗ್ ಮಾಸ್ತರರನ್ನು ಕೇಳಿದರೆ ಹೇಳುತ್ತಾರೆ. ಅನಾವರಣದ ದಿನಾಂಕ ಮೊದಲೇ ಅಚ್ಚು ಹಾಕಿಸಬೇಡಿ. ಮೂರು ನಾಲ್ಕು ಬೆಳಗ್ಗೆ ಬಿಡುವು ಮಾಡಿಕೊಂಡು ಅವರನ್ನು ಕರೆತನ್ನಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ನೀವು ಹೊರಗೆ ಹೋಗಿ. ಚಹಾ ನಾವೇ ಕೊಡುತ್ತೇವೆ.